ಕೊಟಗ್ಯಾಗಿನ ಫಿಯಾಟು

ನಮ್ಮ ಕೊಟಗ್ಯಾಗ ಎರಡು ಆಕಳು, ಒಂದು ಎಮ್ಮಿ, ಒಂದು ಫಿಯಾಟ್ ಕಾರು ಇದ್ದುವು. ಆಕಳು ಎಮ್ಮಿ ಹಾಲು ಕೊಡ್ತಿದ್ದುವು. ಫಿಯಾಟು 21 ವರ್ಷದಾಗ ಬೆಕ್ಕಿನ ಮರಿ ಬಿಟ್ರ ಬ್ಯಾರೆ ಏನೂ ಕೊಟ್ಟಿರಲಿಲ್ಲ. ಡಿಕ್ಕಿ ಬಾಗಲಾ ಪೂರ್ತಿ ಮುಚ್ಚತಿರಲಿಲ್ಲ, ಬೆಕ್ಕಿಗೆ ಅದ ತವರಮನಿ ಆಗಿತ್ತು. ವರ್ಷಕ್ಕ ಎರಡು ಬಾಣಂತನ ಅಲ್ಲೇ.

2022ರ ದೀಪಾವಳಿ ಮುಂದ ಭಂಗಾರದವ ಬಂದ. ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರ. ಒತ್ತಿ ಅಂದ್ರ ಜಂಗ ಹಿಡದ ಕಬ್ಬಿಣ, ಒತ್ತದ ಅಂದ್ರ ಕೊರಳಾಗಿಂದು. ಅಂವ ಕೊಟಗಿಯೊಳಗ ಹಣಿಕಿ ಹಾಕಿ ನೋಡಿ, ಟಾಯರ್ ಒದ್ದು, "18,000 ಕೊಡ್ತೀನಿ ನೋಡ್ರಿ ಅಕ್ಕಾರ, ಎತ್ಕೊಂಡ ಹೋಗೂ ಖರ್ಚು ನಂದ" ಅಂದ. ಪುಣೆದಾಗಿರೋ ಮಗಗ ಫೋನ್ ಮಾಡಿದೆ. "ಕೊಟ್ಟ ಬಿಡವ್ವಾ, ಜಾಗಾ ಖಾಲಿ ಆಗ್ತೈತಿ" ಅಂದ. ಖರೇ ಹೇಳ್ಬೇಕಂದ್ರ ನನಗೂ ಕೊಡೂದ ಬೇಕಾಗಿತ್ತು. ಆ ಜಾಗಾದಾಗ ಮೇವು ಕತ್ತರಿಸೂ ಮಷಿನ್ ಇಡಬೇಕು ಅಂತ ಎಷ್ಟೋ ದಿನದಿಂದ ಲೆಕ್ಕಾ ಹಾಕಿದ್ದೆ.

ನಮ್ಮನಿಯವರು ಕಟ್ಟಿ ಮ್ಯಾಲ ಕುಂತಿದ್ರು. ಅವರು ಕಟ್ಟಿ ಮ್ಯಾಲ ಕುಂತು ಅವಾಗ ಎರಡು ವರ್ಷ ಆಗಿತ್ತು. ಬೈಲಹೊಂಗಲದಾಗ ಬೀಜ ಗೊಬ್ಬರದ ಅಂಗಡಿ ಇತ್ತು ನಮ್ಮದು. ಉದ್ದರಿ ಬರಲಿಲ್ಲ, ಮ್ಯಾಲ ಲಾಕ್‌ಡೌನ್ ಬಂತು, ಅಂಗಡಿ ಮುಚ್ಚಿದ್ರು. ಹೊಲ ಲಾವಣಿಗೆ ಹಾಕಿದ್ವಿ. ಆಮ್ಯಾಲ ಅವರ ಬಾಯಾಗ ಬರತಿದ್ದ ಮಾತು "ಚಾ ಆತೇನ", "ಸಾಕು", "ಹ್ಞೂಂ" ಇಷ್ಟ. ಬಿಪಿ ಗುಳಗಿ ಕೊಟ್ರ ತಗೋತಿದ್ರು, ಕೊಡದಿದ್ರ ಕೇಳತಿರಲಿಲ್ಲ. ಅಂಥಾವ್ರು ಅವತ್ತ ಎದ್ದು ಬಂದು ಕಾರಿನ ಬಾಗಲದ ಕೆಳಗ ಕೈ ಆಡಿಸಿದ್ರು. ತಗಡಿನ್ಯಾಗ ಬಟ್ಟು ಸೀದಾ ಒಳಗ ಹೋತು, ಸುಟ್ಟ ಹಪ್ಪಳದಾಗ ಹೋದಂಗ. ಬಟ್ಟು ಹೊರಗ ತಗದು ನೋಡ್ಕೊಂಡು, "ಇವತ್ತ ಬ್ಯಾಡ" ಅಂದ್ರು.

ಭಂಗಾರದವಗ ನಾನ ಹೇಳಿ ಕಳಿಸಿದೆ. ಎರಡು ವರ್ಷದಾಗ ಮೊದಲನೇ ಸಲ ಒಂದು ವಸ್ತು ಬೇಕು ಅಂದಂಗ ಆಗಿತ್ತು. 18,000 ಹೋದ್ರ ಹೋಗ್ಲಿ.

ಆ ಕಾರಿನ ಜಾತಕ ಹೇಳ್ತೀನಿ. ಅದು 1968ರ ಗಾಡಿ, ಫಿಯಾಟ್ 1100 ಡಿಲೈಟ್. ಮುಂಬೈ ಕುರ್ಲಾದಾಗ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಮಾಡಿದ್ದು. ಕಂಪನಿ ಹುಟ್ಟಿಸಿದಾವ್ರು ವಾಲಚಂದ್ ಹೀರಾಚಂದ್, ನಮ್ಮ ನೆರೆಮನಿ ಸೊಲ್ಲಾಪುರದಾವ್ರು. ಇದ ಗಾಡಿಗೆ 1974ರಾಗ ಪ್ರೀಮಿಯರ್ ಪದ್ಮಿನಿ ಅಂತ ಹೆಸರಿಟ್ರು. ನಮ್ಮದು ಪದ್ಮಿನಿಗಿಂತ ಹಿರ್ಯಾಕಿ, ಆದ್ರೂ ಊರ ಮಂದಿ ಅದಕ್ಕ ಪದ್ಮಿನೀನ ಅಂತಾರ. ಆ ಕಾಲಕ್ಕ ಹೊಸಾ ಕಾರ್ ಬೇಕಂದ್ರ ರೊಕ್ಕ ಕಟ್ಟಿ ವರ್ಷಗಟ್ಲೆ ಪಾಳಿ ಕಾಯಬೇಕಾಗಿತ್ತಂತ. ನಮ್ಮ ಮಾವನವರು ಹತ್ತಿ ದಲಾಲಿ ಮಾಡ್ತಿದ್ರು. 1977ರಾಗ ಹುಬ್ಬಳ್ಳಿ ವ್ಯಾಪಾರಸ್ಥರೊಬ್ಬರ ಕಡಿಂದ ಸೆಕೆಂಡ್‌ಹ್ಯಾಂಡ್ ತಂದ್ರು. ನಂಬರ್ ಪ್ಲೇಟ್ ಇನ್ನೂ ಮೈಸೂರು ರಾಜ್ಯದ್ದು. ಕರ್ನಾಟಕ ಅಂತ ಹೆಸರು ಬಂದದ್ದ 1973ರಾಗ, ಗಾಡಿ ಅದಕ್ಕಿಂತ ಐದು ವರ್ಷ ದೊಡ್ಡದು.

1990ರಾಗ ನಾ ಮದಿವಿ ಆಗಿ ಮುನವಳ್ಳಿಯಿಂದ ಸಂಪಗಾಂವಿಗೆ ಬಂದದ್ದು ಅದ ಕಾರಿನ್ಯಾಗ. ಹೊಡದಾವ ನನ್ನ ಮೈದುನ. ಆಗಿನ್ನೂ 19 ವರ್ಷದ ಹುಡುಗ, ಮೀಸಿ ಚಿಗರತಿತ್ತು. ಫಿಯಾಟಿನ ಗೇರು ಕಾಲಿನ ಹಂತ್ಯಾಕ ಇರೂದಿಲ್ಲ, ಸ್ಟೇರಿಂಗಿನ ಬಗಲಾಗ ದಂಟಿನಂಗ ಇರ್ತೈತಿ. ಅದನ್ನ ಅಂವ ಒಂದ ಬಟ್ಟಿನ್ಯಾಗ ಹಾಕ್ತಿದ್ದ. ನಮ್ಮನಿಯವರಿಗೆ ಅದು ಕಡೀತನಕ ಸರಿಯಾಗಿ ಬರಲಿಲ್ಲ, ಎರಡನೇ ಗೇರಿಗೆ ಕರ್ ಅನ್ನಸೂದ ಅವರ ಖೂನ. ಬಿಸಲು, ಪೆಟ್ರೋಲ್ ವಾಸನಿ, ಹೊಟ್ಟಿಯೊಳಗ ಮದಿವಿ ಊಟ. ಬೈಲಹೊಂಗಲ ದಾಟೂದ್ರಾಗ ನಾ ಹೊಸಾ ಇಳಕಲ್ ಸೀರಿ ಮ್ಯಾಲ ವಾಂತಿ ಮಾಡ್ಕೊಂಡೆ. ಮೈದುನ ಗಾಡಿ ನಿಂದ್ರಿಸಿ, ಬಾವಿ ನೋಡಿ ನೀರು ಸೇದಿ ತಂದು ಕೊಟ್ಟು, "ವೈನಿ, ಯಾರಿಗೂ ಹೇಳೂದಿಲ್ರಿ" ಅಂದ. ಇವತ್ತಿಗೂ ಹೇಳಿಲ್ಲ. ನಾನ ಈಗ ಹೇಳಾಕತ್ತೀನಿ.

ಮಾವನವರಿಗೆ ಕಣ್ಣು ಮಂದ ಆದ ಮ್ಯಾಲ 2001ರಾಗ ಗಾಡಿ ನಿಂತಿತು. 2003ಕ್ಕ ಅವರು ಹೋದ್ರು. 2009ಕ್ಕ ವಾಟ್ನಿ ಆತು. ಬಾವಿ ಇದ್ದ ಹೊಲ ನಮಗ ಬಂತು. ಮೈದುನ ರೊಕ್ಕ ತಗೊಂಡು ರಾಮದುರ್ಗಕ್ಕ ಹೋಗಿ ಅರಬಿ ಅಂಗಡಿ ಹಾಕಿದ. ರೊಕ್ಕ ಕಡಿಮಿ ಆತು ಅಂತ ಅಂವಗ, ಕೊಟ್ಟದ್ದ ಹೆಚ್ಚಾತು ಅಂತ ಇವರಿಗೆ. ಮಾತು ಬಿಟ್ರು. ವಾಟ್ನಿ ಕಾಗದದಾಗ ಹಂಡೆ, ಕೊಪ್ಪರಿಗಿ, ಬೀಸುಕಲ್ಲು ಸುದ್ದಾ ಬರದಾರ. ಕಾರು ಮಾತ್ರ ಬರದಿಲ್ಲ. ಯಾರಿಗೂ ಬ್ಯಾಡಾಗಿತ್ತು.

ಈಗ ಜಂಗಿನ ಮಾತಿಗೆ ಬರ್ತೀನಿ. ಇದು ನನಗ ತಿಳಿಯೂ ವಿಷಯ.

ರೊಟ್ಟಿ ಹಂಚು ಮೂರು ದಿನ ಹಸೀದು ಬಿಟ್ರ ಕೆಂಪಗ ಆಗ್ತೈತಿ. ಹುಣಸಿಹಣ್ಣಿನ ನೀರು ಹಚ್ಚಿ ಬೂದಿಲೆ ತಿಕ್ಕಿ, ತೊಳದು, ಒಲಿ ಮ್ಯಾಲ ಒಣಗಿಸಿ, ಬೆಚ್ಚಗಿರೂವಾಗ ಎಣ್ಣಿ ಸವರಿ ಇಡಬೇಕು ಅಂತ ಅತ್ತಿಯವರು ಕಲಿಸಿದ್ರು. ಕಾರೂ ಹಂಚಿನ ಜಾತೀದ. ಕಬ್ಬಿಣ, ನೀರು, ಗಾಳಿ ಮೂರೂ ಕೂಡಿದ್ರ ಜಂಗ. ಅದರಾಗ ನಾವು ಗಾಡಿ ನಿಂದ್ರಿಸಿದ್ದು ದನದ ಕೊಟಗ್ಯಾಗ. ಗಂಜಳದ ಉಪ್ಪು, ಸೆಗಣಿ ಹಸಿ, ಮ್ಯಾಲ ಘಾಟು. ಉಪ್ಪಿನಕಾಯಿ ಭರಣಿಗೆ ಕಬ್ಬಿಣದ ಚಮಚ ಹಾಕಿಟ್ಟಂಗ. ಮಾವನವರು ನೆರಳು ಐತಿ ಅಂತ ಅಲ್ಲಿ ನಿಂದ್ರಿಸಿದ್ರು. ಬಯಲಾಗ ನಿಂತಿದ್ರ ಬಣ್ಣ ಹೋಗತಿತ್ತು, ತಗಡು ಇಷ್ಟು ಹೋಗತಿರಲಿಲ್ಲ.

ಮೊದ್ಲು ನಾ ಕೈ ಹಚ್ಚಿದ್ದು ನಟ್ಟು ಬೋಲ್ಟಿಗೆ. ಇವರು ಡೀಸೆಲ್ ಬಿಟ್ಟು, ರಾತ್ರಿ ನೆನಸಿ, ಮುಂಜಾನೆ ಪಾನಾ ಹಾಕಿ ಒಂದೊಂದ ಬಿಚ್ಚತಿದ್ರು. ಬಿಚ್ಚಿದ್ದು ಎಲ್ಲೆಲ್ಲೋ ಇಟ್ಟು ಕಳೀತಿದ್ರು. ನನ್ನ ಹಳೇ ಮಸಾಲಿ ಡಬ್ಬಿ ತಂದು ಕೊಟ್ಟೆ. ಸಾಸವಿ ಬಟ್ಟಲಕ್ಕ ಬಾಗಲದ ಸ್ಕ್ರೂ, ಜೀರಿಗಿ ಬಟ್ಟಲಕ್ಕ ಲೈಟಿಂದು, ಅರಿಷಿಣದ್ದಕ್ಕ ಬಂಪರಿಂದು. ಆಮ್ಯಾಲ ಹುಣಸಿಹುಳಿ ನೀರಿನ್ಯಾಗ ರಾತ್ರಿ ಹಾಕಿ, ಮುಂಜಾನೆ ತಂತಿ ಬ್ರಷ್‌ಲೆ ತಿಕ್ಕಿ, ಸೋಡಾ ನೀರಾಗ ತೊಳದು ಹುಳಿ ಮುರದು, ಒಲಿ ಬಗಲಾಗ ಒಣಗಿಸಿ ಎಣ್ಣಿ ಹಚ್ಚತಿದ್ದೆ. ಸೋಡಾ ನೀರು ಬಿಟ್ರ ಸಂಜೀಗೆ ಮತ್ತ ಕೆಂಪ, ಇದನ್ನ ಎರಡು ಸಲ ಕೆಟ್ಟು ಕಲತೆ. ಆ ವರ್ಷದ ನಮ್ಮ ಹುಣಸಿಹಣ್ಣು ಸಾರಿಗಿಂತ ಫಿಯಾಟಿಗೇ ಹೆಚ್ಚು ಹೋತು.

ಸಂಕ್ರಾಂತಿಗೆ ಬಂದಾಗ ಮಗ ದೊಡ್ಡ ಸಾಮಾನಿಗೆ ಬ್ಯಾರೆ ಉಪಾಯ ತೋರಿಸಿದ. ಪ್ಲಾಸ್ಟಿಕ್ ಡ್ರಮ್ಮಿನ್ಯಾಗ ನೀರು, ಅದರಾಗ ಅರಬಿ ಒಗಿಯೂ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ಮೈನಸ್ ವಾಯರ್ ಜಂಗ ಹಿಡದ ಸಾಮಾನಿಗೆ, ಪ್ಲಸ್ ವಾಯರ್ ಕೆಲಸಕ್ಕ ಬಾರದ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ಮುಟ್ಟಬಾರದು. ತಾಸಿನ ಮ್ಯಾಲ ಗುಳ್ಳಿ ಏಳಾಕ ಸುರು ಆಗಿ, ಮರುದಿನಕ್ಕ ಜಂಗೆಲ್ಲ ಕಪ್ಪು ರಾಡಿ ಆಗಿ ಉದುರಿತ್ತು. ನಾ ಸರಳಿನ ಬದಲಿ ಸ್ಟೀಲಿನ ಸೌಟು ಕಟ್ಟಾಕ ಹೋಗಿದ್ದೆ, ಮಗ ಚೀರಿದ. ಸ್ಟೀಲು ಕರಗಿದ್ರ ಅದರಾಗಿನ ಕ್ರೋಮಿಯಂ ನೀರಿಗೆ ಇಳದು ವಿಷ ಆಗ್ತೈತಿ, ಆಮ್ಯಾಲ ಗುಳ್ಳಿಯೊಳಗಿಂದು ಬೆಂಕಿ ಹತ್ತೂ ಗ್ಯಾಸು, ಒಲಿ ಹಂತ್ಯಾಕ ಇಡಬಾರದು ಅಂತ. ಯಾರರ ಮಾಡೂದಿದ್ರ ಇವೆರಡು ನೆನಪಿಡ್ರಿ. ಬಯಲಾಗ ಮಾಡ್ರಿ, ದನ ಆ ನೀರು ಕುಡೀದಂಗ ನೋಡ್ಕೋರಿ.

ಇಂಜಿನ್ ಮಾತ್ರ ನಮ್ಮ ಕೈಯಾಗಿನ ಮಾತಲ್ಲ. ಬೈಲಹೊಂಗಲದಾಗ ಹಳೇ ಮಿಸ್ತ್ರಿ ಒಬ್ರು ಅದಾರ, ವಯಸ್ಸು 70 ದಾಟೇತಿ. ಅವರ ಮಕ್ಕಳು ಈಗ ಕಂಪ್ಯೂಟರ್ ಹಚ್ಚಿ ಹೊಸಾ ಗಾಡಿ ನೋಡ್ತಾರ. ಚಾಚಾ ಸುಮ್ನ ಅಂಗಡಿ ಮುಂದ ಕುರ್ಚಿ ಹಾಕ್ಕೊಂಡ ಕುಂಡ್ರತಿದ್ರು. ಅಂದ್ರ ಅವರದೂ ಒಂದು ಕಟ್ಟಿ. ನಾ ಹೋಗಿ ಕೇಳಿದೆ. "ಫಿಯಾಟೇನ್ರಿ?" ಅಂದು ಎದ್ದ ನಿಂತ್ರು.

ಇಂಜಿನ್ ಜಾಮ್ ಆಗಿತ್ತು. ಚಾಚಾ ನಾಕೂ ಪ್ಲಗ್ ಬಿಚ್ಚಿ, ಆ ತೂತಿನ್ಯಾಗ ಡೀಸೆಲ್, ಆಯಿಲ್ ಕೂಡಿಸಿ ಬಿಟ್ರು. ದಿನಾ ಮುಂಜಾನೆ ಮುಂದಿನ ಪುಲ್ಲಿ ನಟ್ಟಿಗೆ ಪಾನಾ ಹಾಕಿ ಜರಾ ಆ ಕಡೆ, ಜರಾ ಈ ಕಡೆ ನೂಕಬೇಕು, ಜೋರ ಮಾಡಬಾರದು ಅಂತ ನಮ್ಮನಿಯವರಿಗೆ ಹೇಳಿದ್ರು. ನನಗ ತಡ ಅನಿಸಿ, "ಒಮ್ಮೆ ಜಗ್ಗಿ ಬಿಡ್ರಲಾ ಚಾಚಾ" ಅಂದೆ. "ಅಕ್ಕಾರ, ಇದು ಹಲ್ಲ ಕಿತ್ತಂಗಲ್ರಿ, ಕೂಸಿಗೆ ಮೊಲಿ ಬಿಡಿಸಿದಂಗ" ಅಂದ್ರು. ನಾ ಬಾಯಿ ಮುಚ್ಕೊಂಡೆ.

11ನೇ ದಿನ ನಾ ರೊಟ್ಟಿ ಬಡ್ಯಾಕತ್ತಿದ್ದೆ. ಇವರು ಅಡಗಿಮನಿ ಬಾಗಲಕ್ಕ ಬಂದು ನಿಂತ್ರು. ಕೈಯೆಲ್ಲಾ ಕರೀ ಆಯಿಲ್. "ಸರೀತು" ಅಂದ್ರು. ಎಷ್ಟು ಅಂದೆ. ಹೆಬ್ಬಟ್ಟು, ತೋರಬಟ್ಟು ನಡಕ ಒಂದ ಇಂಚು ತೋರಿಸಿದ್ರು. ಅವರು ಕರೀದ ಅಡಗಿಮನಿಗೆ ಬಂದದ್ದು ಅಂಗಡಿ ಮುಚ್ಚಿದ ಮ್ಯಾಲ ಅದ ಮೊದ್ಲು. ರೊಟ್ಟಿ ಹೊತ್ತಿತು, ಹೊತ್ತಿದ್ರ ಹೊತ್ಲಿ ಅಂತ ಬಿಟ್ಟೆ.

ಬ್ಲಾಕ್ ಬೆಳಗಾವಿ ಉದ್ಯಮಬಾಗಕ್ಕ ಹೋಗಿ ಬೋರ್ ಆಗಿ ಬಂತು. ಅಲ್ಲಿ ಕಬ್ಬಿಣ ಎರೆಯೂ ಕಾರಖಾನಿ, ಲೇಥ್ ಅಂಗಡಿ ಸಾಲಿಗೆ ಅದಾವು. 1089 ಸಿಸಿ ಇಂಜಿನ್ ನೋಡಿ ಅಲ್ಲಿ ಹುಡುಗೂರು ನಕ್ಕರಂತ, ಹಿರ್ಯಾರು ಬಂದು ಮುಟ್ಟಿ ನೋಡಿದ್ರಂತ. ಪಿಸ್ಟನ್, ರಿಂಗು, ಗೇರ್ ದಂಟಿನ ಬುಷ್ ಮಗ ಮುಂಬೈ ಕುರ್ಲಾದಿಂದ ಹುಡುಕಿ ತಂದ. ಹುಟ್ಟಿದ ಊರಾಗ ಇನ್ನೂ ಹಳೇ ಸಾಮಾನು ಸಿಗ್ತಾವು. ಮುಂಬೈದಾಗ ಕರಿ ಹಳದಿ ಟ್ಯಾಕ್ಸಿ ಅಂದ್ರ ಎಷ್ಟೋ ವರ್ಷ ಇದ ಗಾಡಿ ಅಲ್ಲೇನು, ಅವು ಸತ್ತು ನಮ್ಮದನ್ನ ಬದಕಿಸಿದುವು. ಪೆಟ್ರೋಲ್ ಹೋಗೂ ರಬ್ಬರ್ ಪೈಪೆಲ್ಲಾ ಬದಲಿ ಮಾಡ್ರಿ ಅಂತ ಚಾಚಾ ಒತ್ತಿ ಹೇಳಿದ್ರು. ಈಗಿನ ಪೆಟ್ರೋಲಿನ್ಯಾಗ ಎಥೆನಾಲ್ ಕೂಡಸ್ತಾರ, ಹಳೇ ರಬ್ಬರ್ ಅದಕ್ಕ ತಡಿಯೂದಿಲ್ಲ. ನಮ್ಮ ಹೊಲದ ಕಬ್ಬು ಕಾರಖಾನಿಗೆ ಹೋಗಿ, ಎಥೆನಾಲ್ ಆಗಿ, ತಿರಗಿ ಬಂದು ನಮ್ಮ ಫಿಯಾಟಿನ ಪೈಪು ತಿನ್ನತೈತಿ. ನಗು ಬಂತು ನನಗ.

ಕೆಳಗಿನ ತಗಡಿನ ಕೆಲಸದಾಗ ಭಾಳ ಹೆದರಿದ್ವಿ. ಜೀಪಿಗೆ, ಲಾರಿಗೆ ಕೆಳಗ ಬ್ಯಾರೆ ಚಾಸಿಸ್ ಇರ್ತೈತಿ, ಮ್ಯಾಲಿನ ಡಬ್ಬಿ ಹಾಳಾದ್ರ ಬದಲಿ ಮಾಡಬೇಕು, ಆತು. ಫಿಯಾಟಿಗೆ ಡಬ್ಬೀನ ಚಾಸಿಸ್. ಬಾಗಲದ ಕೆಳಗಿನ ಪಟ್ಟಿ, ನೆಲದ ತಗಡು ಎಲ್ಲಾ ಕೂಡೆ ಗಾಡಿ ಹೊತ್ತಿರ್ತಾವು. ಅದ ಜಾಗಾ ಹಪ್ಪಳ ಆಗಿತ್ತು. ಸುಮ್ನ ಕೊಯ್ದ್ರ ಗಾಡಿ ನಡು ಬಗ್ಗಿ ಬಾಗಲಾ ಜನ್ಮಕ್ಕ ಕೂಡೂದಿಲ್ಲ ಅಂತ ಚಾಚಾ ಒಳಗ ಕಬ್ಬಿಣದ ಆಂಗಲ್ ಅಡ್ಡ ಹಚ್ಚಿ ಬಿಗಿಸಿ, ಒಂದ ಕಡೆ ಕೊಯ್ದು, ಅಲ್ಲಿ ಹೊಸಾ ತಗಡು ವೆಲ್ಡಿಂಗ್ ಆದ ಮ್ಯಾಲ ಇನ್ನೊಂದು ಕಡೆ ಕೊಯ್ಸಿದ್ರು. ಹಳೇ ಮನಿ ತೊಲಿ ಬದಲಿ ಮಾಡೂವಾಗ ಆಸರಿ ಕೊಡೂದಿಲ್ಲೇನು, ಹಂಗ. ಉಳದ ಜಂಗಿಗೆ ಫಾಸ್ಫರಿಕ್ ಆಸಿಡಿನ ಔಷಧ ಹಚ್ಚಿದ್ರು, ಕೆಂಪಿದ್ದದ್ದು ಕರ್ರಗಾತು. ಅದರ ಮ್ಯಾಲ ರೆಡ್ ಆಕ್ಸೈಡ್. ನಾನೂ ಕೈಗವಸು ಹಾಕ್ಕೊಂಡು ಬ್ರಷ್ ಹಿಡದೆ. ಬಾಗಲದ ಹೊಸಲಿಗೆ ಬಳದಂಗ, ಇದರಾಗ ಏನ ದೊಡ್ಡ ವಿದ್ಯಾ ಐತಿ.

ಖರ್ಚು ಹಾಲಿನ ಲೆಕ್ಕದ ವಹಿಯೊಳಗ ಹಿಂದಿನ ಹಾಳಿಯಿಂದ ಬರಕೋತ ಬಂದಿದ್ದೆ. ಮುಂದಿನಿಂದ ಹಾಲಿನ ರೊಕ್ಕ, ಹಿಂದಿನಿಂದ ಫಿಯಾಟು. ನಡುವು ಎರಡೂ ಕೂಡೂ ಹೊತ್ತಿಗೆ ಜಗಳಾತು. ನನ್ನ ಸಂಘದ ಉಳಿತಾಯ 40,000 ಇತ್ತು, ಅಡಗಿಮನಿ ಮಾಳಗಿ ಸೋರತೈತಿ ಅಂತ ಕೂಡಿಸಿದ್ದು. ಇವರು ಅದನ್ನ ವೆಲ್ಡಿಂಗಿನವಗ ಕೊಡ್ತೀನಿ ಅಂತ ನನ್ನ ಕೇಳೂಕ್ಕಿಂತ ಮೊದ್ಲ ಮಾತು ಕೊಟ್ಟು ಬಂದಿದ್ರು. "ನನ್ನ ಕೇಳಬೇಕಾಗಿತ್ತು" ಅಂದೆ. "ಕೇಳಿದ್ರ ಕೊಡತಿದ್ಯಾ?" ಅಂದ್ರು. "ಕೊಡತಿದ್ದೆ. ಅದಕ್ಕ ಕೇಳಬೇಕಾಗಿತ್ತು" ಅಂದೆ. ಎರಡು ದಿನ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಮೂರನೇ ದಿನ ಕೊಟ್ಟೆ, ಆದ್ರ ವಹಿಯೊಳಗ 'ಸಾಲ' ಅಂತ ಬರದು ಸಹಿ ಮಾಡಿಸಿಕೊಂಡು ಕೊಟ್ಟೆ. ಆ ಮಳಗಾಲ ಒಲಿ ಮ್ಯಾಲ ಬುಟ್ಟಿ ಇಟ್ಟ ಅಡಗಿ ಮಾಡಿದೆ. ಇನ್ನೂ 25,000 ಬರಬೇಕು.

ಇಷ್ಟೆಲ್ಲಾ ಆದ ಮ್ಯಾಲ ಕಾಗದದ ನೆನಪಾತು. ಗಾಡಿ ಇನ್ನೂ ಮಾವನವರ ಹೆಸರಿಲೆ ಐತಿ. ಬೈಲಹೊಂಗಲ ಆರ್‌ಟಿಓ ಕೆಲಸ ಮಾಡೂ ಏಜಂಟನ್ನ ಕೇಳಿದ್ವಿ. ಮಾಲಕರು ತೀರಿಕೊಂಡಿದ್ರ 31ನೇ ನಂಬರ್ ಫಾರ್ಮ್ ತುಂಬಬೇಕು, ವಾರಸದಾರರೆಲ್ಲಾ ಒಪ್ಪಿಗಿ ಸಹಿ ಮಾಡಬೇಕು. ಆಮ್ಯಾಲ ಫಿಟ್ನೆಸ್ ತೋರಿಸಿ, ಅವಾಗಿನ ಲೆಕ್ಕದಾಗ 5,000 ಕಟ್ಟಿ ಐದು ವರ್ಷಕ್ಕ ಹೊಸದು ಮಾಡಿಸಬೇಕಾಗಿತ್ತು. ಇನ್ನೊಂದು ದಾರಿನೂ ಐತಿ. 2021ರಾಗ ಸರಕಾರ ಹೊಸಾ ನಿಯಮ ತಂದೈತಿ, 50 ವರ್ಷ ದಾಟಿದ ಗಾಡಿ ಮೊದಲಿನ ರೂಪದಾಗ ಇದ್ರ ವಿಂಟೇಜ್ ಅಂತ ಬರಸಬಹುದು, 10 ವರ್ಷ ನಡೀತೈತಿ, ಹಳೇ ನಂಬರೂ ಉಳೀತೈತಿ. ಆದ್ರ ದಿನಾ ರಸ್ತೇದ ಮ್ಯಾಲ ಓಡಿಸೂಹಂಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಅಷ್ಟ. ಯಾವ ದಾರಿ ಹಿಡದ್ರೂ ಸಹಿ ಬೇಕ ಬೇಕು. ಕಿತ್ತೂರಾಗಿರೋ ನಾದಿನಿ ಒಂದ ಫೋನಿಗೆ ಹ್ಞೂಂ ಅಂದಳು. ಉಳದಾವ ಮೈದುನ.

"ಬ್ಯಾಡ ಬಿಡು, ಹಂಗ ಇರ್ಲಿ" ಅಂತ ಇವರು ಮತ್ತ ಕಟ್ಟಿ ಮ್ಯಾಲ ಹೋಗಿ ಕುಂತ್ರು. ಅದನ್ನ ನೋಡಾಕ ನನಗ ಆಗಲಿಲ್ಲ. ಶೇಂಗಾ ಹೋಳಿಗಿ, ಕಡಕ್ ರೊಟ್ಟಿ, ಗುರೆಳ್ಳ ಚಟ್ನಿ ಕಟ್ಕೊಂಡು, ಸವದತ್ತಿಗೆ ಹೋಗಿ ಅಲ್ಲಿಂದ ರಾಮದುರ್ಗದ ಬಸ್ ಹಿಡದೆ. 2023ರ ಜುಲೈ. ಹಿಂದಿನ ತಿಂಗಳಷ್ಟ ಹೆಂಗಸರಿಗೆ ಬಸ್ ಪುಕ್ಕಟೆ ಆಗಿತ್ತು, ಗದ್ದಲದಾಗ ನಿಂತ ಹೋದೆ.

ನೆಗೆಣ್ಣಿ ಬಾಗಲಾ ತಗದು, "ಬಾ ಯಕ್ಕಾ" ಅಂದಳು. ಕಾಲಿಗೆ ನೀರು ಕೊಟ್ಟಳು, ಚಾ ಕೊಟ್ಟಳು. ನಕ್ಕಿದ್ದಿಲ್ಲ. ಪಡಸಾಲಿ ಗ್ವಾಡಿ ಮ್ಯಾಲ ಸುಣ್ಣದ ಒಳಗಿಂದ ಒಂದು ಕಂದು ಗೆರಿ ಕಾಣತಿತ್ತು, ನನ್ನ ಎದಿ ಮಟ್ಟಕ್ಕ. ನಾ ನೋಡೂದ್ ನೋಡಿ ಅಕಿನ ಹೇಳಿದಳು. "2019ರ ಮಲಪ್ರಭಾದ ನೀರು ಅದು. ಎಷ್ಟ ಸಲ ಬಣ್ಣ ಹಚ್ಚಿಸಿದ್ರೂ ಮ್ಯಾಲ ಬರ್ತೈತಿ. ಅಂಗಡಿ ಅರಬಿ ಎಲ್ಲಾ ಹೋದುವು. ಮಾಳಗಿ ಮ್ಯಾಲ ಎರಡು ರಾತ್ರಿ ಕುಂತಿದ್ವಿ. ಅವತ್ತ ನೀವು ಬರಲಿಲ್ಲ ಯಕ್ಕಾ."

ಬಂದಿರಲಿಲ್ಲ. ನಮ್ಮೂರಿಂದ ಹ್ವಾದ ಲಾರಿಯೊಳಗ ಊರ ಮಂದಿ ಕೂಡ ನಾನೂ ಎರಡು ಚೀಲ ರೊಟ್ಟಿ ಹಾಕಿ ಕಳಿಸಿದ್ದೆ. ಅವು ಯಾರಿಗೆ ಸಿಕ್ಕುವೋ. ಇವರಿಗೆ ಹೋಗ್ರಿ ಅಂದಾಗ, "ಅಂವ ಕರೀಲಿ, ಹೋಗ್ತೀನಿ" ಅಂದಿದ್ರು. ಹೊಳ್ಯಾಗ ಮುಳಗೂ ಮನಶ್ಯಾ ಫೋನ್ ಮಾಡಿ ಕರೀತಾನೇನು? ನಾ ಅವತ್ತ ಇವರಿಗೆ ಇದನ್ನ ಕೇಳಬೇಕಾಗಿತ್ತು, ಕೇಳಲಿಲ್ಲ. ನಾನರ ಒಬ್ಬಾಕಿ ಬರಬಹುದಿತ್ತು, ಬರಲಿಲ್ಲ. ರೊಟ್ಟಿ ಚೀಲದ ಮಾತು ಬಾಯಿತನಕ ಬಂದಿತ್ತು, ನುಂಗಿದೆ. "ತಪ್ಪಾತು ತಂಗಿ" ಅಂದೆ. ಅಕಿ ಏನೂ ಅನ್ನಲಿಲ್ಲ. ಒಳಗ ಹೋಗಿ ಅನ್ನಕ್ಕ ಇಟ್ಟಳು.

ಮಧ್ಯಾಹ್ನ ಮೈದುನ ಊಟಕ್ಕ ಬಂದ. ತಲಿ ಪೂರಾ ಬೆಳ್ಳಗಾಗೇತಿ. ಉಂಡು, ಕೈ ತೊಳದು, ಚಾಳೀಸ ಹಾಕ್ಕೊಂಡು ಫಾರ್ಮ್ ಎರಡೂ ಕಡೆ ಓದಿದ. ಮಡಚಿ ನನ್ನ ಮುಂದ ಇಟ್ಟ.

"ಅಣ್ಣ ಯಾಕ ಬರಲಿಲ್ರಿ ವೈನಿ?"

ನಾ ಸುಮ್ನಾದೆ.

"ವಾಟ್ನಿಯೊಳಗ ಬರದಿಲ್ಲ ಅಂದ್ರ ಅದು ಇಬ್ರದು. ನಾ ಸಹಿ ಮಾಡಿದ್ರ ಒಬ್ಬಂದಾಗ್ತೈತಿ. ಹೌದಲ್ರಿ?"

ಅದೂ ಖರೇನ. ಸಹಿ ಮಾಡಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಿಡಾಕ ಮಾತ್ರ ಸ್ಕೂಟರ್ ಮ್ಯಾಲ ಬಂದ. ಬಸ್ ಬರೂಮಟಾ ನಿಂತ. ನಾ ಹತ್ತೂ ಮುಂದ ಬ್ಯಾರೆ ಕಡೆ ನೋಡ್ಕೋತ, "ಗೇರಿಂದು ಬುಷ್ ಹಾಕಿಸ್ಯಾರೇನ್ರಿ? ಇಲ್ಲಂದ್ರ ಎರಡನೇದು ಬೀಳೂದಿಲ್ಲ" ಅಂದ. ಹಾಕಿಸ್ಯಾರ ಅಂದೆ. ತಲಿ ಅಳಗಿಸಿದ.

ಮನಿಗೆ ಬಂದು ನಡದದ್ದು ನಡದಂಗ ಹೇಳಿದೆ, ಗ್ವಾಡಿ ಗೆರಿನೂ ಹೇಳಿದೆ. ಇವರು ಎದ್ದು ಹೋಗಿ ಕತ್ತಲದಾಗ ಗಾಡಿ ಹಂತ್ಯಾಕ ಭಾಳ ಹೊತ್ತು ನಿಂತಿದ್ರು. ಫೋನ್ ಮಾತ್ರ ಮಾಡಲಿಲ್ಲ. ಈ ಗಂಡಸರ ಹಟಕ್ಕ ಯಾವ ಹುಣಸಿ ನೀರೂ ಇಲ್ಲ.

ಆ ತಿಂಗಳುಗಳು ನಾ ಸೀಟ್ ಕೆಲಸ ಹಿಡದೆ. ಇಲಿ ಎಲ್ಲಾ ತಿಂದು ಸ್ಪ್ರಿಂಗು, ನಾರು ಉಳಿಸಿದ್ವು. ಮುಂದಿನ ಸೀಟು ಫಿಯಾಟಿನ್ಯಾಗ ಬಾಕಿನಂಗ ಉದ್ದಕ್ಕ ಒಂದ ಇರ್ತೈತಿ. ಹೊಸಾ ನಾರು ತುಂಬಿಸಿ, ಮ್ಯಾಲ ರೆಕ್ಸಿನ್ ಬೈಲಹೊಂಗಲದಾಗ ಹೊಲಿಸಿದ್ವಿ. ಬಿಸಲಿಗೆ ರೆಕ್ಸಿನ್ ಸುಡತೈತಿ ಅಂತ ನಾ ಹಳೇ ಸೀರಿ ತುಂಡು ಜೋಡಿಸಿ ಕೌದಿ ಹೊಲದೆ, ಸೀಟಿನ ಅಳತೀಗೆ. ಕೌದಿ ಅಂದ್ರ ಅವಸರದ ಕೆಲಸ ಅಲ್ಲ. ದಿನಕ್ಕ ಗೇಣು ಹೊಲದ್ರ ಭಾಳ ಆತು.

2023ರ ಅಕ್ಟೋಬರ್ ಕಡೀಗೆ ಟಿವಿಯೊಳಗ ಒಂದು ಸುದ್ದಿ ಬಂತು. ಮುಂಬೈದಾಗ ಕಡೀ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆದದ್ದು 2003ರ ಅಕ್ಟೋಬರ್ 29ಕ್ಕಂತ. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಆಯುಷ್ಯ. ಹಿಂಗಾಗಿ ಅಕ್ಟೋಬರ್ 30ರಿಂದ ಇನ್ನ ಒಂದೂ ಇಲ್ಲ. ಇವರು ಉಣ್ಣೂದ್ ಬಿಟ್ಟು ನೋಡಿದ್ರು. ರಾತ್ರಿ ಒಂಬತ್ತೂವರಿಗೆ ಇವರ ಫೋನ್ ಬಾರಿಸಿತು. ಹೆಸರು ನೋಡಿ ನನ್ನ ಕಡೆ ನೋಡಿದ್ರು. "ಎತ್ರೀ" ಅಂದೆ.

ಆ ಕಡಿಂದ ಏನ ಅಂದನೋ ಕೇಳಲಿಲ್ಲ. ಇವರು, "ಹ್ಞೂಂ, ನೋಡಿದೆ" ಅಂದ್ರು. ಆಮ್ಯಾಲ ಕಾರ್ಬೊರೇಟರ್, ಡೈನಾಮೊ, ಅಪ್ಪ ಗುಡ್ಡದ ಏರಿಗೆ ಮೊದಲನೇ ಗೇರ್ ಹಾಕಿ ನಮ್ಮನ್ನೆಲ್ಲಾ ಇಳಿಸಿ ನೂಕಿಸಿದ್ದು, ಇದ ಮಾತು. ಹೊಲದ್ದು ಇಲ್ಲ, ನೀರಿಂದು ಇಲ್ಲ. 14 ವರ್ಷದ ಮ್ಯಾಲ 20 ಮಿನಿಟು. ಫೋನ್ ಇಟ್ಟ ಮ್ಯಾಲ, "ವಿಂಟೇಜ್ ಬ್ಯಾಡ ಅಂತಾನ. ಅದನ್ನ ಮಾಡಿಸಿದ್ರ ಎಲ್ಲಮ್ಮನ ಗುಡ್ಡಕ್ಕ ಹ್ಯಾಂಗ ಹೋಗೂದು ಅಂತಾನ" ಅಂದ್ರು. ತಟ್ಟಿಯೊಳಗಿನ ಅನ್ನ ಆರಿತ್ತು, ಉಂಡ್ರು.

ಮರು ವಾರ ಇವರು ಬಸ್ ಹತ್ತಿ ರಾಮದುರ್ಗಕ್ಕ ಹ್ವಾದ್ರು. ಅಲ್ಲಿ ಏನ ಮಾತಾತು ನನಗ ಹೇಳಿಲ್ಲ, ನಾ ಕೇಳಿಲ್ಲ. ಬರೂವಾಗ ಫಾರ್ಮ್ ಖಾಲೀನ ಇತ್ತು.

ಎಳ್ಳಅಮಾಸಿಗೆ, 2024ರ ಜನವರಿ 11ಕ್ಕ, ಅವರು ನಾಕೂ ಮಂದಿ ಬಂದ್ರು. ವಾಟ್ನಿ ಆದ ಮ್ಯಾಲ ಮೈದುನ ಆ ಹೊಲಕ್ಕ ಕಾಲಿಟ್ಟಿರಲಿಲ್ಲ. ನಾವು ಸಜ್ಜಿರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಎಳ್ಳ ಹೋಳಿಗಿ, ಕಡಬು ಎಲ್ಲಾ ಕಟ್ಕೊಂಡು ಹೋಗಿ ಚರಗ ಚೆಲ್ಲಿದ್ವಿ. ಅಣ್ಣ ತಮ್ಮ ಆ ಬಾವಿ ದಂಡಿ ಮ್ಯಾಲ ಕುಂತು ಉಂಡ್ರು. ಭಾಳ ಮಾತಾಡಲಿಲ್ಲ. ನೀರು ಎಷ್ಟ ಐತಿ ಅಂತ ಇಬ್ರೂ ಹಣಿಕಿ ಹಾಕಿ ನೋಡಿದ್ರು.

ಸಂಜೀಕ ಮನಿಗೆ ಬಂದ ಮ್ಯಾಲ ಚಾಚಾನ ಕರಸಿದ್ವಿ. ಅವತ್ತಿನತನಕ ಇಂಜಿನ್ ಕೆಮ್ಮೂದು ಬಿಟ್ರ ನಿಂತು ಓಡಿರಲಿಲ್ಲ. ಚಾಚಾ ಪಾಯಿಂಟ್ ತಿಕ್ಕಿ, ಕಾರ್ಬೊರೇಟರಿಗೆ ಜರಾ ಪೆಟ್ರೋಲ್ ಹನಿಸಿ, "ಹೊಡೀರಿ" ಅಂದ್ರು. ಇವರು ಸ್ಟೇರಿಂಗ್ ಮುಂದ ಕುಂತಿದ್ದಾವ್ರು ಇಳದು, ತಮ್ಮಗ ಕೈ ಮಾಡಿದ್ರು. ಮೈದುನ ಚಪ್ಪಲಿ ಹೊರಗ ಬಿಟ್ಟು ಒಳಗ ಕುಂತ. ಮೂರು ಸಲ ಕೆಮ್ಮಿತು. ನಾಕನೇದಕ್ಕ ಹಿಡೀತು. ಕೊಟಗಿ ತುಂಬಾ ನೀಲಿ ಹೊಗಿ. ಎಮ್ಮಿ ಹಗ್ಗ ಹರಕೊಂಡು ಅಂಗಳಕ್ಕ ಓಡಿತು, ಅದನ್ನ ಹಿಡ್ಯಾಕ ನಾ ಓಡಿದೆ. ಹಿಂಗಾಗಿ ಎಲ್ಲಾರೂ ಹೇಳೂ ಆ ಹೊತ್ತಿನ್ಯಾಗ ನಾ ಎಮ್ಮಿ ಹಿಂದ ಹಿತ್ತಲದಾಗ ಇದ್ದೆ, ಸಪ್ಪಳಷ್ಟ ಕೇಳಿದೆ. ಗೇರ್ ಬಿದ್ದ ಸಪ್ಪಳ ಮಾತ್ರ ಬರಲಿಲ್ಲ. ಕರ್ ಅನ್ನಲಿಲ್ಲ. ಅಂದ್ರ ಬಟ್ಟು ಮರತಿರಲಿಲ್ಲ.

ರಾತ್ರಿ ಬಣ್ಣದ ಮಾತಿಗೆ ಅಣ್ಣ ತಮ್ಮಗ ಜಗಳ ಹತ್ತಿತು. ಮೊದಲಿನ ಬಣ್ಣ ಬೂದಿ ಅಂತ ಇವರು, ಹಾಲಗೆನಿ ಅಂತ ಅಂವ. ಬ್ಯಾಟರಿ ಹಿಡಕೊಂಡು ಹೋಗಿ ಡ್ಯಾಶಬೋರ್ಡ್ ಕೆಳಗ ಕೆತ್ತಿ ನೋಡಿದ್ರು. ಹಾಲಗೆನಿ ಇತ್ತು. ಇವರು, "ಬೆಳಕಿಗೆ ಹಂಗ ಕಾಣತೈತಿ" ಅಂದ್ರು. ಅಷ್ಟ ಹೊತ್ತಿಗೆ ನೆಗೆಣ್ಣಿ ಗಂಟು ಬಿಚ್ಚಿ ನಮ್ಮ ಅತ್ತಿಯವರ ಒಂದು ಹಳೇ ಇಳಕಲ್ ಸೀರಿ ತಗದಳು. ವಾಟ್ನಿಯೊಳಗ ಅಕಿ ಪಾಲಿಗೆ ಬಂದದ್ದು. ಮಹಾಪೂರದಾಗ ತೋಯ್ದು ಸೆರಗು ಹೋಗೇತಿ, ಮೈ ಗಟ್ಟಿ ಐತಿ. "ಕೌದಿಗೆ ಬರ್ತೈತೇನ ನೋಡ ಯಕ್ಕಾ" ಅಂದಳು. ಹಿಂದಿನ ಸೀಟಿಗೆ ಆತು.

ಸಹಿ ಆಗೇತಿ. ಮೈದುನ ಒಂದು ಶರ್ತ ಹಾಕ್ಯಾನ, ಗಾಡಿ ಅಣ್ಣನ ಹೆಸರಿಲೆ ಇರ್ಲಿ, ಬನದ ಹುಣ್ಣಿವಿಗೆ ಗುಡ್ಡಕ್ಕ ತಾನ ಹೊಡೀಬೇಕು. ಇವರು ಒಪ್ಯಾರ, ಆದ್ರ ಏರಿನ್ಯಾಗ ತಾವು ಇಳದು ನೂಕೂದಿಲ್ಲ ಅಂತ ಈಗ ಹೇಳಿ ಇಟ್ಟಾರ. ಫಿಟ್ನೆಸ್ ಇನ್ನೂ ಆಗಿಲ್ಲ, ಹ್ಯಾಂಡಬ್ರೇಕ್ ಹಿಡೀವಲ್ದು, ಬಲಗಡೆ ವೈಪರ್ ಮೊಂಡ ಐತಿ. ವಹಿಯೊಳಗ ಮೊತ್ತ 2,64,000 ದಾಟೇತಿ, ಎಷ್ಟು ದಾಟೇತಿ ಅಂತ ನಾ ಮಗಗ ಹೇಳಿಲ್ಲ.

ಗಾಡಿ ಈಗ ಕೊಟಗ್ಯಾಗ ಇಲ್ಲ. ಅಂಗಳದಾಗ ಪತ್ರಾಸ ಹಾಕಿಸಿ, ಕೆಳಗ ಫರಸಿ ಹಾಸಿ ನಿಂದ್ರಿಸೀವಿ. ಡಿಕ್ಕಿ ಬಿಗಿ ಮುಚ್ಚತೈತಿ. ಬೆಕ್ಕು ಎರಡು ದಿನ ಅದರ ಸುತ್ತ ಅಡ್ಡಾಡಿ ಒದರಿ, ಈ ಸಲ ನನ್ನ ಕೌದಿ ಗಂಟಿನ್ಯಾಗ ಮರಿ ಹಾಕೇತಿ. ನಾಕು ಅದಾವು, ಒಂದು ಕರೇದು.